ಭೋರ್ಗರೆತದ ನಡುವಿನ ವಿಶ್ರಾಂತಿ

ಯೆಸ್ ಬ್ಯಾಂಡಿನ ಸಂಗೀತವನ್ನು ಮನಸಾರೆ ಪ್ರೀತಿಸುವ ಇಬ್ಬರು ಎದುರುಬದುರಾದರೆ ಕುಶಲೋಪರಿಗೆ ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಕಾಫಿಯ ನೊರೆ ಇಳಿಯುವ ಮೊದಲೇ ಪ್ರಶ್ನೆ ಬಂದಿರುತ್ತದೆ: ಇವರ ಆಲ್ಬಮ್‌ಗಳಲ್ಲಿ ಯಾವುದು ಮೇಲು? ಒಬ್ಬ ‘ಫ್ರಜೈಲ್’ ಅನ್ನುತ್ತಾನೆ. ಇನ್ನೊಬ್ಬ ‘ಕ್ಲೋಸ್ ಟು ದಿ ಎಡ್ಜ್’ ಇರುವಾಗ ಬೇರೆಯದರ ಮಾತೇ ಬೇಡ ಅನ್ನುತ್ತಾನೆ. ನನ್ನ ಆಪ್ತ ಗೆಳೆಯನೊಬ್ಬ ಮೊದಲಿನಿಂದಲೂ ‘ರಿಲೇಯರ್’ ಪಕ್ಷ. “ಅಲ್ಲ ಮಾರಾಯ, ಅದರಲ್ಲಿನ ‘ಸೂನ್’ ಕೇಳಿದ ಮೇಲೂ ಇನ್ನೊಂದರ ಹೆಸರು ಹೇಳ್ತೀಯಲ್ಲ, ನಿನಗೆ ಕಿವಿ ಉಂಟಾ?” ಎಂದು ಈಗಲೂ ಗದರುತ್ತಾನೆ. ಈ ಜಗಳವೆಂದರೆ ನನಗೆ ಪ್ರಾಣ. ಇದರಲ್ಲಿ ಸೋಲುವವರು ಯಾರೂ ಇಲ್ಲ. ವಾದ ಎಲ್ಲಿಂದ ಶುರುವಾದರೂ ಕೊನೆಗೆ ಒಂದು ರೆಕಾರ್ಡು ತಿರುಗತೊಡಗುತ್ತದೆ, ಮುಳ್ಳು ಗೆರೆಯೊಳಗೆ ಇಳಿಯುತ್ತದೆ, ಇಬ್ಬರೂ ಬಾಯಿ ಮುಚ್ಚುತ್ತೇವೆ.

ಹೆಸರು ಮಾತ್ರ ಕೇಳಿ ಬಲ್ಲವರಿಗೆ ಎರಡು ಮಾತು. 1968ರಲ್ಲಿ ಲಂಡನ್ನಿನಲ್ಲಿ ಕಟ್ಟಿದ ತಂಡ ಇದು. ಕಟ್ಟಿದವರು ಮುಖ್ಯವಾಗಿ ಹಾಡುಗಾರ ಜಾನ್ ಆ್ಯಂಡರ್ಸನ್ ಮತ್ತು ಬೇಸ್ ಗಿಟಾರಿನ ಕ್ರಿಸ್ ಸ್ಕ್ವಾಯರ್. ಆಗ ರಾಕ್ ಹಾಡೆಂದರೆ ಮೂರು ನಿಮಿಷ. ಪಲ್ಲವಿ, ಚರಣ, ಮತ್ತೆ ಪಲ್ಲವಿ, ಮುಗಿಯಿತು. ಆ ಪುಟ್ಟ ಅಂಗಳ ಸಾಲದೆ ಹೋದ ಒಂದು ತಲೆಮಾರಿನ ಹುಡುಗರು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಕಟ್ಟಡವನ್ನೂ ಜಾಝ್‌ನ ಲಯವನ್ನೂ ಚರ್ಚಿನ ಆರ್ಗನ್ನನ್ನೂ ಹಳ್ಳಿಯ ಹಾಡಿನ ತಿಳಿಯನ್ನೂ ಒಂದೇ ಪಾಕಕ್ಕೆ ಹಾಕಿದರು. ಅದನ್ನೇ ಪ್ರೋಗ್ರೆಸಿವ್ ರಾಕ್ ಎಂದು ಕರೆದದ್ದು. ಪಾಕ ಹದಕ್ಕೆ ಬಂದದ್ದು ಕೆಲವರ ಕೈಯಲ್ಲಿ ಮಾತ್ರ. ಯೆಸ್ ಆ ಕೆಲವರಲ್ಲಿ ಮೊದಲ ಸಾಲಿನವರು.

ಹಾಗಾದರೆ ಯಾವುದು ಮೇಲು? ವರ್ಷಗಟ್ಟಲೆ ಕೇಳಿ, ವಾದಿಸಿ, ಮತ್ತೆ ಕೇಳಿದ ಮೇಲೆ ನನ್ನ ಕೈಗೊಂದು ಅಳತೆಗೋಲು ಸಿಕ್ಕಿದೆ. ಅದು ನಮ್ಮ ಕಾವ್ಯಮೀಮಾಂಸೆಯದೇ. ಸುಮಾರು ಸಾವಿರ ವರ್ಷಗಳ ಹಿಂದೆ ಕಾಶ್ಮೀರದಲ್ಲಿ ಕುಳಿತು ರಸವನ್ನು ಕುರಿತು ಬರೆದ ಅಭಿನವಗುಪ್ತ, ರಸಾನುಭವದ ತಿರುಳನ್ನು ‘ವಿಶ್ರಾಂತಿ’ ಎಂಬ ಮಾತಿನಲ್ಲಿ ಹಿಡಿದ. ಅತ್ತಿತ್ತ ಅಲೆಯುವ ಚಿತ್ತ ಅಲೆದಾಟ ನಿಲ್ಲಿಸಿ ತನ್ನಲ್ಲೇ ನೆಲೆಗೊಳ್ಳುವುದು. ಯೆಸ್ ತಂಡದ ವೇಗ, ಚಾತುರ್ಯ, ಕೈಚಳಕಗಳನ್ನು ಹೊಗಳದವರಿಲ್ಲ. ಆದರೆ ನನ್ನನ್ನು ಮತ್ತೆ ಮತ್ತೆ ಎಳೆದು ತರುವುದು ಆ ವೇಗವಲ್ಲ. ಎಲ್ಲ ಭೋರ್ಗರೆತದ ನಡುವೆ ಅವರು ಒಂದು ತಂಪಾದ ಜಾಗ ಮಾಡಿಟ್ಟಿರುತ್ತಾರೆ. ಏರಿ ಬಂದ ದಣಿವಿಗೆ ಸಿಕ್ಕ ಕಟ್ಟೆಯಂಥ ಜಾಗ. ಯಾವ ಆಲ್ಬಮ್‌ನಲ್ಲಿ ಆ ಕಟ್ಟೆ ಸರಿಯಾದ ಎಡೆಯಲ್ಲಿದೆ, ಅದರ ನೆರಳು ಎಷ್ಟು ದಟ್ಟವಾಗಿದೆ? ನನ್ನ ತೀರ್ಪೆಲ್ಲ ಈ ಒಂದು ಪ್ರಶ್ನೆಯ ಮೇಲೆ ನಿಂತಿದೆ.

1971ರ ಫೆಬ್ರುವರಿಯಲ್ಲಿ ಬಂದ ‘ದಿ ಯೆಸ್ ಆಲ್ಬಮ್’ ಅವರ ಮೂರನೆಯದು. ಗಿಟಾರ್ ವಾದಕ ಸ್ಟೀವ್ ಹೋವ್ ಸೇರಿದ್ದು ಇದರಲ್ಲೇ. ತಂಡಕ್ಕೆ ಸ್ವಂತ ಮುಖ ಬಂದದ್ದೂ ಇದರಲ್ಲೇ. ‘ಸ್ಟಾರ್‌ಶಿಪ್ ಟ್ರೂಪರ್’ನ ಕೊನೆಯ ಭಾಗ ‘ವುರ್ಮ್’ ಕೇಳಿ. ಬರೀ ಮೂರು ಕಾರ್ಡುಗಳು. ದೂರದಿಂದ, ಮಂಜಿನೊಳಗಿಂದ ಬಂದ ಹಾಗೆ ಗಿಟಾರೊಂದು ಅವನ್ನು ತಿರುತಿರುಗಿ ಮೀಟುತ್ತದೆ. ಮತ್ತೊಂದು ವಾದ್ಯ ಸೇರುತ್ತದೆ, ಇನ್ನೊಂದು ಸೇರುತ್ತದೆ. ಕಾರ್ಡು ಅವೇ, ಕ್ರಮ ಅದೇ. ಆದರೂ ಪ್ರತಿ ಸುತ್ತಿಗೂ ತುಸು ಬೆಳಕು ಹೆಚ್ಚುತ್ತದೆ. ಇಲ್ಲಿ ದಾರಿ ಶಾಂತಿಯಿಂದ ಕೋಲಾಹಲದ ಕಡೆಗೆ. ಎಳೆಯ ಮಾವಿನಕಾಯಿಗೆ ಉಪ್ಪು ಹಚ್ಚಿ ತಿಂದಂಥ ರುಚಿ ಈ ಆಲ್ಬಮ್‌ನದು: ಹುಳಿ, ಗಟ್ಟಿ, ಚುರುಕು. ಹಣ್ಣಾಗುವುದು ಇನ್ನೂ ಬಾಕಿ.

ಅದೇ ವರ್ಷದ ಕೊನೆಗೆ ‘ಫ್ರಜೈಲ್’. ಕೀಬೋರ್ಡಿನ ಟೋನಿ ಕೇಯ್ ಹೋಗಿ ರಿಕ್ ವೇಕ್‌ಮನ್ ಬಂದ; ಅವನ ಜೊತೆಗೆ ಪಿಯಾನೊ, ಹ್ಯಾಮಂಡ್ ಆರ್ಗನ್, ಮೆಲೊಟ್ರಾನ್, ಮಿನಿಮೂಗ್‌ಗಳ ಭಂಡಾರವೇ ಬಂತು. ರೋಜರ್ ಡೀನ್ ಎಂಬ ಚಿತ್ರಕಾರ ಯೆಸ್‌ಗಾಗಿ ಬಿಡಿಸಿದ ಮೊದಲ ಹೊದಿಕೆಯೂ ಇದೇ: ಒಡೆಯಲಿರುವ ಒಂದು ಪುಟ್ಟ ಗ್ರಹ. ‘ರೌಂಡ್‌ಅಬೌಟ್’ ಹೇಗೆ ಶುರುವಾಗುತ್ತದೆ ಎಂಬುದನ್ನು ಗಮನಿಸಿ. ಮೊದಲು ಕೇಳುವುದು ಪಿಯಾನೊದ ಸ್ವರ, ಆದರೆ ಟೇಪನ್ನು ಹಿಂದುಮುಂದಾಗಿ ಓಡಿಸಿದ್ದು. ಹಾಗಾಗಿ ಸ್ವರ ಮೊಳಗಿ ಆರುವ ಬದಲು ಎಲ್ಲಿಂದಲೋ ಊದಿಕೊಳ್ಳುತ್ತಾ ಬಂದು ಥಟ್ಟನೆ ಒಡೆಯುತ್ತದೆ. ಒಡೆದ ಚೂರೇ ಗಿಟಾರಿನ ತಂತಿಯ ಮೇಲಿನ ಒಂದು ತಣ್ಣನೆಯ ಹನಿ. ಕ್ಷಣಮಾತ್ರದ ಈ ಕುಸುರಿಗಾಗಿ ಅವರು ಪಟ್ಟ ಶ್ರಮ ನೆನೆದಾಗೆಲ್ಲ ನನಗೆ ಬಿದಿರಕ್ಕಿಯ ಕಾಳಿನಷ್ಟು ಸಣ್ಣ ಮಣಿಗೆ ತೂತು ಕೊರೆಯುವ ಅಕ್ಕಸಾಲಿಗ ಕಣ್ಣಿಗೆ ಕಟ್ಟುತ್ತಾನೆ.

ಸ್ಕ್ವಾಯರ್‌ನ ಬೇಸ್ ಗಿಟಾರಿನ ಬಳಿ ಒಂದು ನಿಮಿಷ ನಿಲ್ಲಲೇಬೇಕು. ಬೇರೆ ಬ್ಯಾಂಡುಗಳಲ್ಲಿ ಬೇಸ್ ಎಂದರೆ ಮನೆಯ ಅಡಿಪಾಯ. ಇದೆ ಎಂದು ಗೊತ್ತು, ಕಾಣುವುದಿಲ್ಲ. ಇವನ ರಿಕನ್‌ಬ್ಯಾಕರ್ ಬೇಸ್ ಹಾಗಲ್ಲ. ಬೆರಳಿನಲ್ಲಿ ಅಲ್ಲ, ಪಿಕ್ ಹಿಡಿದು ಮೀಟುತ್ತಾನೆ. ಅದರ ಮಂದ್ರವನ್ನು ಒಂದು ಆಂಪ್ಲಿಫೈಯರಿಗೂ ಮೇಲಿನ ಖಣಖಣವನ್ನು ಇನ್ನೊಂದಕ್ಕೂ ಹಾಯಿಸುತ್ತಾನೆ. ಹಾಗಾಗಿ ಒಂದೇ ಸ್ವರಕ್ಕೆ ಎರಡು ಮೈ: ಕೆಳಗೆ ಕರಿಕಲ್ಲಿನ ಹಾಸು, ಮೇಲೆ ಘಟದ ಮೇಲೆ ಉಂಗುರದ ಬೆರಳು ತಾಗಿದಂಥ ‘ಟಣ್’. ಅದರ ಪಕ್ಕದಲ್ಲಿ ಬಿಲ್ ಬ್ರೂಫರ್ಡ್‌ನ ಡ್ರಮ್ಮು. ನಿರೀಕ್ಷಿಸಿದ ಜಾಗದಲ್ಲಿ ಪೆಟ್ಟು ಬೀಳುವುದಿಲ್ಲ. ಬಿದ್ದ ಮೇಲೆ, ಅದು ಅಲ್ಲೇ ಬೀಳಬೇಕಿತ್ತು ಎಂದು ಕಿವಿ ಒಪ್ಪಿಕೊಳ್ಳುತ್ತದೆ.

‘ಫ್ರಜೈಲ್’ನ ವಿಶ್ರಾಂತಿ ಇರುವುದು ಕೊನೆಯ ‘ಹಾರ್ಟ್ ಆಫ್ ದಿ ಸನ್‌ರೈಸ್’ನಲ್ಲಿ. ಹನ್ನೊಂದು ನಿಮಿಷದ ಆಸುಪಾಸಿನ ರಚನೆ. ಮೊದಲ ಮೂರು ನಿಮಿಷ ದಾಟಿದರೂ ಹಾಡಿನ ಸುಳಿವಿಲ್ಲ. ಗಿಟಾರೂ ಬೇಸೂ ಸುಂಟರಗಾಳಿಯ ಹಾಗೆ ಸುತ್ತುತ್ತವೆ, ನಿಲ್ಲುತ್ತವೆ, ಮೆಲೊಟ್ರಾನಿನ ನಾದ ದೂರದ ಮೋಡದಂತೆ ಕವಿಯುತ್ತದೆ, ಮತ್ತೆ ಸುಂಟರಗಾಳಿ. ಆಮೇಲೆ ಎಲ್ಲವೂ ಒಮ್ಮೆಗೇ ಕೆಳಗಿಳಿದು, ಆ್ಯಂಡರ್ಸನ್‌ನ ದನಿ. ಸಹಜವಾಗಿಯೇ ಎತ್ತರದ ದನಿ ಅದು, ಒತ್ತಿ ಎತ್ತಿದ್ದಲ್ಲ. ಬೆಳಗಿನ ಮೊದಲ ಬಿಸಿಲು ಮಂಜು ಕುಳಿತ ಹುಲ್ಲಿನ ಮೇಲೆ ಬಿದ್ದ ಹಾಗಿದೆ. ಈ ಒಂದು ತಿರುವಿಗಾಗಿ ‘ಫ್ರಜೈಲ್’ ಪಕ್ಷದವರಿಗೆ ನಾನು ಎಂದೂ ಪೂರ್ತಿ ಎದುರಾಡಿಲ್ಲ. ಆದರೆ ಆಲ್ಬಮ್‌ನ ಒಂಬತ್ತು ರಚನೆಗಳಲ್ಲಿ ಐದು, ಐವರೂ ತಮ್ಮ ತಮ್ಮ ಮನಸ್ಸಿನಂತೆ ಕಟ್ಟಿದ ಬಿಡಿ ತುಣುಕುಗಳು. ಒಂದೊಂದೂ ರುಚಿಯೇ, ಆದರೂ ಅದು ಸಾಲಾಗಿ ಜೋಡಿಸಿಟ್ಟ ಬಟ್ಟಲುಗಳ ಸೊಗಸು, ಒಂದೇ ಹಂಡೆಯ ಪಾಕದ್ದಲ್ಲ.

1972ರ ಆಲ್ಬಮ್ಮನ್ನು ಸದ್ಯಕ್ಕೆ ಪಕ್ಕಕ್ಕಿಡುತ್ತೇನೆ. ಹಬ್ಬದೂಟದಲ್ಲಿ ಹೋಳಿಗೆಯನ್ನು ಎಲೆಯ ಅಂಚಿಗೆ ಸರಿಸಿ ಕೊನೆಗೆ ಉಳಿಸಿಕೊಳ್ಳುವುದು ನನ್ನ ಚಿಕ್ಕಂದಿನ ಅಭ್ಯಾಸ.

1973ರ ಡಿಸೆಂಬರಿನಲ್ಲಿ ಬಂದ ‘ಟೇಲ್ಸ್ ಫ್ರಮ್ ಟೋಪೋಗ್ರಾಫಿಕ್ ಓಶನ್ಸ್’ ಅಭಿಮಾನಿಗಳನ್ನು ಸೀಳಿದಷ್ಟು ಬೇರಾವುದೂ ಸೀಳಿಲ್ಲ. ಎರಡು ರೆಕಾರ್ಡು, ನಾಲ್ಕು ಸೈಡು, ಸೈಡಿಗೊಂದೇ ರಚನೆ, ಒಟ್ಟು ಸುಮಾರು 80 ನಿಮಿಷ. ಇದರ ಹುಟ್ಟು ನಮಗೆ ತೀರ ಹತ್ತಿರದ್ದು. ಪರಮಹಂಸ ಯೋಗಾನಂದರ ಆತ್ಮಕಥೆಯನ್ನು ಓದುತ್ತಿದ್ದ ಆ್ಯಂಡರ್ಸನ್‌ನ ಕಣ್ಣು ಒಂದು ಅಡಿಟಿಪ್ಪಣಿಯ ಮೇಲೆ ನಿಂತಿತು. ಶಾಸ್ತ್ರಗಳು ನಾಲ್ಕು ಬಗೆ ಎಂದು ಹೇಳುವ ಟಿಪ್ಪಣಿ ಅದು: ಶ್ರುತಿ, ಸ್ಮೃತಿ, ಪುರಾಣ, ತಂತ್ರ. ನಾಲ್ಕಕ್ಕೆ ನಾಲ್ಕು ಸೈಡು. ಎರಡನೆಯ ರಚನೆಯ ಹೆಸರು ‘ದಿ ರಿಮೆಂಬರಿಂಗ್’, ಮೂರನೆಯದು ‘ದಿ ಏನ್ಶಿಯಂಟ್’. ಸ್ಮೃತಿ ಎಂದರೆ ನೆನಪು, ಪುರಾ ಎಂದರೆ ಹಿಂದೆ ಎಂದು ಬಲ್ಲ ನಮಗೆ ಈ ಹೆಸರುಗಳು ನೇರವಾಗಿ ಮನಸ್ಸಿಗಿಳಿಯುತ್ತವೆ. ಒಂದು ಅಡಿಟಿಪ್ಪಣಿಯಿಂದ ಇಷ್ಟು ದೊಡ್ಡ ಮರ ಬೆಳೆದದ್ದು ನನಗೆ ಇಂದಿಗೂ ಸೋಜಿಗ. ‘ದಿ ಏನ್ಶಿಯಂಟ್’ನ ಒರಟು ತಾಳವಾದ್ಯಗಳ ಕಾಡು ದಾಟಿದ ಮೇಲೆ ಹೋವ್ ಒಬ್ಬನೇ ನೈಲಾನ್ ತಂತಿಯ ಗಿಟಾರ್ ಹಿಡಿದು ಕೂರುತ್ತಾನೆ. ಆ ಕೆಲವು ನಿಮಿಷ ಯೆಸ್‌ನ ಇಡೀ ಸಂಪತ್ತಿನಲ್ಲೇ ಅತಿ ಎಳೆಯ ಹಸಿರು. ಆದರೆ ಕಟ್ಟೆಯಿಂದ ಕಟ್ಟೆಗೆ ದೂರ ಹೆಚ್ಚು. ವೇಕ್‌ಮನ್‌ಗೂ ಆ ನಡಿಗೆ ಒಗ್ಗದೆ ಮರುವರ್ಷ ತಂಡ ಬಿಟ್ಟ. ಬಿಡುವು ಮಾಡಿಕೊಂಡು ನಡೆದವರಿಗೆ ಮಾತ್ರ ಒಲಿಯುವ ಆಲ್ಬಮ್ ಇದು. ಹಾಗೆ ಒಲಿಸಿಕೊಂಡವರ ನಿಷ್ಠೆ ಅಚಲ.

1974ರ ‘ರಿಲೇಯರ್’ಗೆ ಬರೋಣ, ಗೆಳೆಯನ ಕಣ್ಣು ಹೊಳೆಯುವ ಹೊತ್ತು. ಕೀಬೋರ್ಡಿಗೆ ಸ್ವಿಟ್ಜರ್ಲೆಂಡಿನ ಪ್ಯಾಟ್ರಿಕ್ ಮೊರಾಜ್, ಡ್ರಮ್ಮಿಗೆ ಅದಾಗಲೇ ತಂಡ ಸೇರಿದ್ದ ಅಲನ್ ವೈಟ್. ಮೊದಲ ಸೈಡು ತುಂಬ ‘ದಿ ಗೇಟ್ಸ್ ಆಫ್ ಡೆಲಿರಿಯಂ’, ಸುಮಾರು 22 ನಿಮಿಷದ ಯುದ್ಧ. ಟಾಲ್‌ಸ್ಟಾಯ್‌ನ ‘ಯುದ್ಧ ಮತ್ತು ಶಾಂತಿ’ ಇದಕ್ಕೆ ಪ್ರೇರಣೆ. ಕಾಳಗದ ಸದ್ದಿಗಾಗಿ ವೈಟ್ ಮತ್ತು ಆ್ಯಂಡರ್ಸನ್ ಗುಜರಿಯಿಂದ ಕಾರಿನ ಬಿಡಿಭಾಗಗಳನ್ನು ಆರಿಸಿ ತಂದು, ತೂಗುಹಾಕಿ ಬಾರಿಸಿದರು. ಕಬ್ಬಿಣ ಕಬ್ಬಿಣಕ್ಕೆ ತಾಗುವ ಆ ಸದ್ದಿನಲ್ಲಿ ಹೋವ್‌ನ ಟೆಲಿಕ್ಯಾಸ್ಟರ್ ಗಿಟಾರು ಅಲಗಿನಂತೆ ಬೀಸುತ್ತದೆ. ಕೇಳುವವರಿಗೆ ಉಸಿರು ಕಟ್ಟುತ್ತದೆ. ಇನ್ನು ಸಾಕು ಅನ್ನಿಸುವ ಹೊತ್ತಿಗೆ ಹೊಗೆ ಮೆಲ್ಲನೆ ಇಳಿಯುತ್ತದೆ. ಸ್ಟೀಲ್ ಗಿಟಾರಿನ ಒಂದು ಉದ್ದನೆಯ ಎಳೆ. ಅದರ ಮೇಲೆ, ಯಾವ ಆತುರವೂ ಇಲ್ಲದೆ, ‘ಸೂನ್’. ಹೊತ್ತು ಮುಳುಗಿದ ಮೇಲೆ ರಣರಂಗದಲ್ಲಿ ಉಳಿದವರನ್ನು ಒಬ್ಬ ತಾಯಿ ಹುಡುಕುತ್ತಾ ಬಂದ ಹಾಗೆ ಆ ದನಿ ಬರುತ್ತದೆ. ಗದುಗಿನ ಭಾರತದ ಯುದ್ಧಪರ್ವಗಳ ವಾಚನವನ್ನು ರಾತ್ರಿಯಿಡೀ ಕೇಳಿ ಕೊನೆಗೆ ಮಂಗಳದ ಹೊತ್ತಿಗೆ ಎದೆಯಲ್ಲಿ ಉಳಿಯುವ ಮೌನ ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ಗೆಳೆಯನ ಪಕ್ಷ ಬಲವಾದದ್ದು. ‘ಸೂನ್’ ಮುಗಿದಾಗ ಅವನ ಎದುರು ನಾನು ಯಾವತ್ತೂ ವಾದ ಹೂಡುವುದಿಲ್ಲ.

1977ರ ‘ಗೋಯಿಂಗ್ ಫಾರ್ ದಿ ಒನ್’ಗೆ ವೇಕ್‌ಮನ್ ಮರಳಿ ಬಂದ. ಧ್ವನಿಮುದ್ರಣ ನಡೆದದ್ದು ಸ್ವಿಟ್ಜರ್ಲೆಂಡಿನ ಮಾಂಟ್ರೋದಲ್ಲಿ, ಸರೋವರದ ದಡದಲ್ಲಿ. ಕೊನೆಯ ರಚನೆ ‘ಅವೇಕನ್’, ಹದಿನೈದು ನಿಮಿಷ. ಪಕ್ಕದೂರು ವೆವೆಯ ಸೇಂಟ್ ಮಾರ್ಟಿನ್ ಚರ್ಚಿನಲ್ಲಿ ವೇಕ್‌ಮನ್ ಆರ್ಗನ್ ಮುಂದೆ ಕೂತ, ಉಳಿದವರು ಸ್ಟುಡಿಯೊದಲ್ಲಿ; ನಡುವೆ ಟೆಲಿಫೋನ್ ತಂತಿ. ಹಾಗೆ ಒಟ್ಟಿಗೆ ನುಡಿಸಿದರು. ನಡುಭಾಗದಲ್ಲಿ ಹಾರ್ಪ್‌ನ ತಂತಿ, ಪುಟ್ಟ ಕಂಚಿನ ತಟ್ಟೆಗಳ ಕಿಣಿಕಿಣಿ, ಅದರಡಿಯಲ್ಲಿ ಆರ್ಗನ್ನಿನ ಮಂದ ಉಸಿರು. ಗರ್ಭಗುಡಿಯಲ್ಲಿ ದೀಪ ಒಂದೊಂದಾಗಿ ಹೊತ್ತುವುದನ್ನು ನೋಡುತ್ತಾ ನಿಂತ ಅನುಭವ. ‘ಅವೇಕನ್’ ಒಂದನ್ನೇ ತಕ್ಕಡಿಗೆ ಹಾಕಿದರೆ ಯಾವ ಆಲ್ಬಮ್‌ಗೂ ಸರಿತೂಗುತ್ತದೆ. ಉಳಿದ ನಾಲ್ಕು ಹಾಡುಗಳು ಸೊಗಸಾದರೂ ಅದರ ಎತ್ತರಕ್ಕೆ ಏರುವುದಿಲ್ಲ.

ಈಗ ಹೋಳಿಗೆ. ‘ಕ್ಲೋಸ್ ಟು ದಿ ಎಡ್ಜ್’, 1972ರ ಸೆಪ್ಟೆಂಬರ್. ಮೂರೇ ರಚನೆ, 38 ನಿಮಿಷ. ಮೇಲಿನ ಹೊದಿಕೆಯಲ್ಲಿ ಚಿತ್ರವೇ ಇಲ್ಲ. ಕಡುಹಸಿರು ಮೆಲ್ಲಗೆ ತಿಳಿಯಾಗುವ ಬಣ್ಣ ಮತ್ತು ಡೀನ್ ಬರೆದ, ಬಳ್ಳಿಯಂತೆ ತೊಡರಿಕೊಂಡ ಯೆಸ್ ಎಂಬ ಅಕ್ಷರಗಳು. ಮಡಿಕೆ ಬಿಡಿಸಿದರೆ ಒಳಗೆ ಚಿತ್ರ: ಬೆಟ್ಟದ ನೆತ್ತಿಯ ಮೇಲೊಂದು ಸರೋವರ, ಅದರ ಎಲ್ಲ ಅಂಚಿನಿಂದಲೂ ನೀರು ಮಂಜಿನೊಳಕ್ಕೆ ಧುಮುಕುತ್ತಿದೆ. ಎಷ್ಟು ಧುಮುಕಿದರೂ ಸರೋವರ ತುಂಬಿಯೇ ಇದೆ. ಈ ಸಂಗೀತದ ಗುಟ್ಟನ್ನು ಇದಕ್ಕಿಂತ ಚೆನ್ನಾಗಿ ಹೇಳಲು ನನ್ನಿಂದಾಗದು.

ಶೀರ್ಷಿಕೆಯ ರಚನೆ ಇಡೀ ಮೊದಲ ಸೈಡು. ಇದರ ಹಿಂದೆ ಇರುವುದು ಹರ್ಮನ್ ಹೆಸ್ಸೆಯ ‘ಸಿದ್ಧಾರ್ಥ’: ಬುದ್ಧನ ಕಾಲದ ಭಾರತದಲ್ಲಿ ಒಬ್ಬ ಯುವಕ ಎಲ್ಲೆಲ್ಲೋ ಅಲೆದು, ಕೊನೆಗೆ ನದಿಯ ದಡದಲ್ಲಿ ಕೂತು, ನೀರಿನ ದನಿಗೆ ಕಿವಿಗೊಟ್ಟು ಅರಿವು ಪಡೆಯುವ ಕಥೆ. ಹಾಗಾಗಿ ರಚನೆ ಆರಂಭವಾಗುವುದು ನೀರಿನ ಜುಳುಜುಳು, ಹಕ್ಕಿಗಳ ಚಿಲಿಪಿಲಿಯಿಂದ. ಆ ಸದ್ದು ಮೆಲ್ಲಗೆ ತುಂಬಿಕೊಳ್ಳುತ್ತದೆ, ತುಂಬಿ ತುಳುಕುತ್ತದೆ, ಒಮ್ಮೆಲೇ ಒಡ್ಡು ಒಡೆದ ಹಾಗೆ ಇಡೀ ತಂಡ ಮೇಲೆ ಬೀಳುತ್ತದೆ. ಗಿಟಾರು ಒಂದು ಕಡೆ, ಬೇಸು ಇನ್ನೊಂದು ಕಡೆ, ಡ್ರಮ್ಮು ಮತ್ತೆಲ್ಲೋ. ಮೊದಲ ಸಲ ಕೇಳಿದಾಗ ಯಾರೂ ಯಾರ ಮಾತನ್ನೂ ಕೇಳುತ್ತಿಲ್ಲ ಅನ್ನಿಸುತ್ತದೆ. ಹತ್ತನೆಯ ಸಲಕ್ಕೆ, ಪ್ರತಿಯೊಬ್ಬನೂ ಉಳಿದ ನಾಲ್ವರನ್ನು ಎಷ್ಟು ಸೂಕ್ಷ್ಮವಾಗಿ ಆಲಿಸುತ್ತಿದ್ದಾನೆ ಎಂಬುದು ತಿಳಿಯುತ್ತದೆ. ಇದನ್ನು ಅವರು ಒಂದೇ ಉಸಿರಿನಲ್ಲಿ ನುಡಿಸಿದ್ದಲ್ಲ. ತುಣುಕು ತುಣುಕಾಗಿ ಕಟ್ಟಿದರು. ಎಡಿ ಆಫರ್ಡ್ ಎಂಬ ಎಂಜಿನಿಯರ್ ಟೇಪನ್ನು ಕತ್ತರಿಸಿ ತುದಿಗೆ ತುದಿ ಅಂಟಿಸಿದ. ಕೌದಿ ಹೊಲಿದಂಥ ಕೆಲಸ. ಹೊಲಿಗೆ ಎಲ್ಲಿದೆ ಎಂದು ಬೆರಳಾಡಿಸಿ ಹುಡುಕಿದರೆ ಸಿಗುವುದು ನುಣುಪಾದ ಬಟ್ಟೆಯೇ.

ಎಂಟು ನಿಮಿಷ ಕಳೆದ ಮೇಲೆ ಆ ಕಟ್ಟೆ ಬರುತ್ತದೆ.

ಎಲ್ಲ ವಾದ್ಯಗಳೂ ಹಿಂದೆ ಸರಿಯುತ್ತವೆ. ಗುಹೆಯೊಳಗೆ ಹನಿ ತೊಟ್ಟಿಕ್ಕುವಂಥ ಸದ್ದು. ಮೆಲೊಟ್ರಾನಿನ ನಾದ ಹಬೆಯ ಹಾಗೆ ನಿಂತಿದೆ. ಸ್ಕ್ವಾಯರ್ ಮತ್ತು ಹೋವ್ ಒಟ್ಟಿಗೆ ಒಂದು ಸಾಲು ಹಾಡುತ್ತಾರೆ. ಅದರ ಮೇಲೆ ಆ್ಯಂಡರ್ಸನ್ ಬೇರೆಯೇ ಸಾಲು ಹಾಡುತ್ತಾನೆ. ಎರಡು ಸಾಲುಗಳೂ ಒಂದನ್ನೊಂದು ಮುಟ್ಟದೆ, ಸಂಜೆಯ ಕೆರೆಯ ಮೇಲೆ ಎರಡು ಹಕ್ಕಿಗಳು ಹಾರಿದ ಹಾಗೆ, ಒಂದು ಮೇಲೆ ಒಂದು ಕೆಳಗೆ, ಜೊತೆಜೊತೆಗೇ ಸಾಗುತ್ತವೆ. ತಾಳ ಎಲ್ಲಿ ಹೋಯಿತೆಂದು ತಿಳಿಯದು. ಹೊತ್ತು ನಿಂತಿದೆ. ದನಿ ಮೇಲೇರುತ್ತದೆ, ಇನ್ನೂ ಮೇಲೇರುತ್ತದೆ, ಇನ್ನು ಏರಲು ಜಾಗವಿಲ್ಲ ಅನ್ನುವಲ್ಲಿ ಚರ್ಚಿನ ಆರ್ಗನ್ ತೆರೆದುಕೊಳ್ಳುತ್ತದೆ. ಆ ಆರ್ಗನ್ ಲಂಡನ್ನಿನ ಸೇಂಟ್ ಗೈಲ್ಸ್ ಕ್ರಿಪಲ್‌ಗೇಟ್ ಚರ್ಚಿನದು. ಕವಿ ಮಿಲ್ಟನ್‌ನ ಸಮಾಧಿ ಇರುವ ಚರ್ಚು. ಕೊಳವೆಗಳಿಂದ ಬರುವ ಗಾಳಿ ಕಿವಿಗೆ ಮಾತ್ರ ಕೇಳುವುದಲ್ಲ, ಪಕ್ಕೆಲುಬಿಗೂ ತಾಗುತ್ತದೆ. ಆ ಘಳಿಗೆಯಲ್ಲಿ ನಾನು ಏನನ್ನೂ ಎಣಿಸುವುದಿಲ್ಲ, ಯಾವ ವಾದ್ಯ ಯಾರದೆಂದು ಕೇಳುವುದಿಲ್ಲ. ಅಭಿನವಗುಪ್ತ ಹೇಳಿದ ವಿಶ್ರಾಂತಿ ನನ್ನ ಪಾಲಿಗೆ ಇದೇ.

ಅಷ್ಟಾದ ಮೇಲೆ ಮಿನಿಮೂಗ್‌ನ ಕಹಳೆ, ಹ್ಯಾಮಂಡ್ ಆರ್ಗನ್ನಿನ ಬಿಸಿ ಬಿಸಿ ಓಟ, ಮತ್ತೆ ಅದೇ ಪ್ರವಾಹ. ಆದರೆ ಈಗ ಅದು ಹೆದರಿಸುವುದಿಲ್ಲ, ಹೊತ್ತೊಯ್ಯುತ್ತದೆ. ಕೊನೆಗೆ ಮತ್ತೆ ನೀರು, ಮತ್ತೆ ಹಕ್ಕಿ. ಹೊರಟಲ್ಲಿಗೇ ಬಂದೆವು, ಬಂದವರು ಮಾತ್ರ ಹೊರಟವರಲ್ಲ.

ತಿರುವಿ ಹಾಕಿದರೆ ಎರಡನೆಯ ಸೈಡು. ‘ಆ್ಯಂಡ್ ಯು ಆ್ಯಂಡ್ ಐ’ ಹನ್ನೆರಡು ತಂತಿಯ ಗಿಟಾರಿನ ತಿಳಿಹನಿಗಳಿಂದ ಶುರುವಾಗಿ ಸ್ಟೀಲ್ ಗಿಟಾರು, ಮೆಲೊಟ್ರಾನುಗಳ ಮಹಾಗೋಪುರವಾಗಿ ಏಳುತ್ತದೆ. ಆಮೇಲಿನ ‘ಸೈಬೀರಿಯನ್ ಖತ್ರು’ ಎಂಟು ಮತ್ತು ಏಳು ಸೇರಿ ಹದಿನೈದರ ಎಣಿಕೆಯಲ್ಲಿ ಕುಣಿಯುತ್ತದೆ. ಮಿಶ್ರಛಾಪಿನ ಏಳನ್ನು ತೊಡೆಯ ಮೇಲೆ ಹಾಕಿ ಬೆಳೆದ ಕೈಗೆ ಅದು ಬಲು ಬೇಗ ಒಲಿಯುತ್ತದೆ. ಅದರಲ್ಲೇ ಹೋವ್ ಕೋರಲ್ ಎಂಬ ಎಲೆಕ್ಟ್ರಿಕ್ ಸಿತಾರನ್ನು ಮೀಟುತ್ತಾನೆ. ನಮ್ಮ ಸಿತಾರಿನ ಜವಾರಿಯ ಝೇಂಕಾರವನ್ನು ಗಿಟಾರಿನ ಕುದುರೆಯ ಮೇಲೆ ತರಲು ಅಮೆರಿಕದಲ್ಲಿ ಮಾಡಿದ ವಾದ್ಯ ಅದು. ಪಕ್ಕದಲ್ಲೇ ವೇಕ್‌ಮನ್‌ನ ಹಾರ್ಪ್ಸಿಕಾರ್ಡ್, ಇನ್ನೂರು ಮುನ್ನೂರು ವರ್ಷ ಹಿಂದಿನ ಯುರೋಪಿನ ದನಿ. ಎರಡೂ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತವೆ.

ಈ 38 ನಿಮಿಷದಲ್ಲಿ ತೆಗೆದುಹಾಕಬಹುದಾದ ಒಂದು ಕ್ಷಣವನ್ನು ನಾನು ಇಂದಿಗೂ ಕಂಡಿಲ್ಲ. ಬ್ರೂಫರ್ಡ್‌ಗೂ ಹೀಗೆಯೇ ಅನ್ನಿಸಿತೋ ಏನೋ. ಮುದ್ರಣ ಮುಗಿದ ಕೂಡಲೇ ತಂಡ ಬಿಟ್ಟು ಕಿಂಗ್ ಕ್ರಿಮ್ಸನ್ ಸೇರಿದ. ಇಷ್ಟು ಕಷ್ಟದ ಸಂಗೀತವನ್ನು ಮೂರೇ ದಿನದಲ್ಲಿ ಕಲಿತು ವೇದಿಕೆ ಏರಿದವನು ಅಲನ್ ವೈಟ್. ಸ್ಕ್ವಾಯರ್ 2015ರಲ್ಲಿ, ವೈಟ್ 2022ರಲ್ಲಿ ತೀರಿಕೊಂಡರು. ಕೌದಿಯ ಹೊಲಿಗೆ ಮಾತ್ರ ಎಲ್ಲೂ ಬಿಟ್ಟಿಲ್ಲ.

ನನ್ನ ತೀರ್ಪು ಇಷ್ಟೆ. ‘ಫ್ರಜೈಲ್’ ಅತ್ಯಂತ ಸವಿಯಾದದ್ದು, ‘ಟೇಲ್ಸ್’ ಅತ್ಯಂತ ವಿಶಾಲವಾದದ್ದು, ‘ರಿಲೇಯರ್’ ಅತ್ಯಂತ ಧೀರವಾದದ್ದು, ‘ಅವೇಕನ್’ ಅತ್ಯಂತ ಎತ್ತರದ್ದು. ‘ಕ್ಲೋಸ್ ಟು ದಿ ಎಡ್ಜ್’ ಎಲ್ಲಕ್ಕಿಂತ ಮೇಲು. ಅದರ ವಿಶ್ರಾಂತಿ ಕೊನೆಯಲ್ಲಿ ಬಹುಮಾನದಂತೆ ಸಿಗುವುದಲ್ಲ, ನಡುವೆ ಎದೆಯ ಹಾಗೆ ಮಿಡಿಯುತ್ತಿದೆ. ಹಿಂದಿನದೂ ಮುಂದಿನದೂ ಅದರ ಬಲದಿಂದಲೇ ಬದುಕುತ್ತವೆ.

ನನ್ನ ಮಾತು ನಂಬಬೇಕಿಲ್ಲ. ಒಂದು ಸಂಜೆ ಫೋನನ್ನು ಬೇರೆ ಕೋಣೆಯಲ್ಲಿಟ್ಟು ದೀಪ ಆರಿಸಿ ಕೂರಿ. ಮೊದಲ ಎಂಟು ನಿಮಿಷ ಗೊಂದಲವಾದರೂ ಏಳಬೇಡಿ. ಆರ್ಗನ್ ತೆರೆದುಕೊಳ್ಳುವವರೆಗೆ ತಾಳಿ. ಆಮೇಲೆ ನಿಮ್ಮ ಪಕ್ಷ ಯಾವುದೆಂದು ಹೇಳಿ. ಜಗಳಕ್ಕೆ ನಾನೂ ಗೆಳೆಯನೂ ಕಾಫಿ ಕಾಯಿಸಿಟ್ಟು ಕಾಯುತ್ತಿರುತ್ತೇವೆ.